ಕಾಣದಂತಾದ ಹುಡುಗಿ ಮತ್ತು ತೂವೆ ಯಾನ್ಸನ್

ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗಳು ತನ್ನ ಚೀಲದಿಂದ ಒಂದು ಪುಸ್ತಕವನ್ನು ಹೊರತೆಗೆದು, "ತಾತ, ಇದನ್ನು ನೀವೇ ಓದಿ ಹೇಳಬೇಕು" ಎಂದು ನನ್ನ ಮಡಿಲಲ್ಲಿ ಇಟ್ಟಳು. ಇಂಗ್ಲಿಷಿನಲ್ಲಿದ್ದ ಕಥೆಗಳು. ನಾನು ಒಂದೊಂದೇ ವಾಕ್ಯವನ್ನು ಕಣ್ಣಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದೆ. ಕಥೆಯೊಳಗೆ ನೀರಾನೆಯ ಮೋರೆಯ, ದುಂಡು ಹೊಟ್ಟೆಯ, ಅತಿ ಸಾಧುವಾದ ಪ್ರಾಣಿಗಳ ಒಂದು ಕುಟುಂಬವಿದೆ. ಮಳೆ ಸುರಿಯುವ ಒಂದು ಸಂಜೆ ಅವರೆಲ್ಲ ಜಗಲಿಯಲ್ಲಿ ಕುಳಿತು ಅಣಬೆಗಳನ್ನು ಬಿಡಿಸುತ್ತಿರುವಾಗ ಪರಿಚಯದವಳೊಬ್ಬಳು ಒಂದು ಮಗುವನ್ನು ಕರೆದುಕೊಂಡು ಬರುತ್ತಾಳೆ. ಆದರೆ ಮಗು ಯಾರ ಕಣ್ಣಿಗೂ ಕಾಣುವುದಿಲ್ಲ. ಕೊರಳಿಗೆ ಕಟ್ಟಿದ ಸಣ್ಣದೊಂದು ಬೆಳ್ಳಿಯ ಗಂಟೆ ಮಾತ್ರ ಗಾಳಿಯಲ್ಲಿ ತೇಲಿಬರುತ್ತದೆ. ಅವಳ ಹೆಸರು ನಿನ್ನಿ. ಅವಳನ್ನು ಸಾಕುತ್ತಿದ್ದ ಹೆಂಗಸಿಗೆ ಅವಳ ಮೇಲೆ ಪ್ರೀತಿಯಿರಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ತಣ್ಣಗಿನ ಕಟಕಿಮಾತುಗಳನ್ನು ಮಾತ್ರ ಆಡಿದಳು. ಅದನ್ನು ಕೇಳಿ ಕೇಳಿ ಮಗು ಅಂಚಿನಿಂದ ಸ್ವಲ್ಪಸ್ವಲ್ಪವೇ ಮಾಸುತ್ತ ಬಂದು ಕೊನೆಗೊಂದು ದಿನ ಪೂರ್ತಿ ಕಾಣದಾಯಿತು.

ಇಷ್ಟು ಹೇಳಿ ನಾನು ಒಂದು ಕ್ಷಣ ನಿಂತೆ. "ಮುಂದೆ?" ಎಂದಳು ಮೊಮ್ಮಗಳು. ಮುಂದಿನದನ್ನು ಹೇಳಿ ಮುಗಿಸಿದೆನಾದರೂ ಅಂದು ರಾತ್ರಿ ನಿದ್ದೆ ಬೇಗ ಹತ್ತಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಈ ಕಥೆಯನ್ನು ಬರೆದವರು ಯಾರು, ಇಂಥದೊಂದು ಸಂಗತಿ ಅವರಿಗೆ ಹೇಗೆ ತಿಳಿದಿತ್ತು ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಆಮೇಲಿನ ಕೆಲವು ತಿಂಗಳುಗಳನ್ನು ಆಕೆಯ ಪುಸ್ತಕಗಳಲ್ಲಿಯೂ ಆಕೆಯನ್ನು ಕುರಿತ ಬರಹಗಳಲ್ಲಿಯೂ ಕಳೆದಿದ್ದೇನೆ. ತಿಳಿದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ನನ್ನ ಹಳೆಯ ಚಾಳಿ, ಸಹಿಸಿಕೊಳ್ಳಿ.

ಲೇಖಕಿಯ ಹೆಸರು ತೂವೆ ಯಾನ್ಸನ್. ಇಂಗ್ಲಿಷ್ ಅಕ್ಷರಗಳನ್ನು ನೋಡಿ ನಾನು ಮೊದಲು 'ಟೋವ್ ಜಾನ್ಸನ್' ಎಂದೇ ಓದಿದ್ದೆ. ಹುಟ್ಟಿದ್ದು 1914ರ ಆಗಸ್ಟ್ 9ರಂದು, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಮೊದಲನೆಯ ಮಹಾಯುದ್ಧ ಆರಂಭವಾಗಿ ಆಗಷ್ಟೇ ಒಂದೆರಡು ವಾರ ಕಳೆದಿತ್ತು. ಫಿನ್ಲೆಂಡ್ ಆಗ ಸ್ವತಂತ್ರ ದೇಶವಲ್ಲ, ರಷ್ಯದ ಚಕ್ರವರ್ತಿಯ ಅಧೀನದಲ್ಲಿತ್ತು. 1917ರ ಡಿಸೆಂಬರಿನಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿತು. ಅದರ ಬೆನ್ನಿಗೇ 1918ರಲ್ಲಿ ಕೆಂಪು ಪಡೆ ಮತ್ತು ಬಿಳಿ ಪಡೆಗಳ ನಡುವೆ ಅಂತರ್ಯುದ್ಧ ನಡೆಯಿತು. ತೂವೆಯ ತಂದೆ ವಿಕ್ತೋರ್ ಯಾನ್ಸನ್ ಶಿಲ್ಪಿ. ಅವರು ಬಿಳಿಯರ ಪರವಾಗಿ ಹೋರಾಡಿದರು. ಹೋಗುವಾಗ ಇದ್ದ ನಗುಮೊಗದ ಮನುಷ್ಯ ಹಿಂದಿರುಗಿ ಬರಲಿಲ್ಲವೆಂದು ಹೇಳುತ್ತಾರೆ. ತಾಯಿ ಸಿಗ್ನೆ ಹಮ್ಮರ್‌ಸ್ಟೆನ್ ಸ್ವೀಡನ್ನಿನವರು, ಚಿತ್ರಕಲಾವಿದೆ. ಶಿಲ್ಪಿಗೆ ಕೆಲಸ ಸಿಕ್ಕಾಗ ಸಿಕ್ಕಿತು, ಇಲ್ಲದಾಗ ಇಲ್ಲ. ಸಂಸಾರದ ಬಂಡಿ ಓಡಿದ್ದು ತಾಯಿ ಪತ್ರಿಕೆಗಳಿಗೂ ಪುಸ್ತಕಗಳಿಗೂ ಬರೆದ ಚಿತ್ರಗಳಿಂದ. ಹೊಸ ರಾಷ್ಟ್ರದ ಅಂಚೆಚೀಟಿಗಳಲ್ಲಿ ನೂರಾರನ್ನು ರೂಪಿಸಿದವರು ಅವರೇ. ಮೇಜಿನ ಬಳಿ ಬಾಗಿ ಕುಳಿತು ಗೆರೆ ಎಳೆಯುವ ತಾಯಿ, ಮನೆಯನ್ನೇ ತುಂಬಿಕೊಂಡ ಜೇಡಿಮಣ್ಣು ಮತ್ತು ಗಾರೆ, ಅದರ ನಡುವೆ ಮೂವರು ಮಕ್ಕಳು. ತೂವೆ ಹಿರಿಯಳು, ಕೆಳಗೆ ಪೇರ್ ಊಲೋವ್ ಮತ್ತು ಲಾರ್ಸ್ ಎಂಬ ಇಬ್ಬರು ತಮ್ಮಂದಿರು. ಮನೆಮಾತು ಸ್ವೀಡಿಷ್. ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತನಾಡುವವರು ಒಂದು ಸಣ್ಣ ಅಲ್ಪಸಂಖ್ಯಾತ ಸಮುದಾಯ, ಇಂದು ನೂರಕ್ಕೆ ಐದರಷ್ಟು ಮಾತ್ರ. ತೂವೆ ಬರೆದದ್ದೆಲ್ಲ ಆ ಭಾಷೆಯಲ್ಲಿಯೇ.

ಆಕೆ ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದಾಗ ತಾಯಿಯ ತವರಿನವರ ಮನೆಯಲ್ಲಿ ಉಳಿದುಕೊಂಡಿದ್ದಳು. ರಾತ್ರಿ ಹೊತ್ತು ಅಡುಗೆಮನೆಗೆ ಕಳ್ಳಹೆಜ್ಜೆಯಲ್ಲಿ ಹೋಗಿ ತಿಂಡಿ ಕದಿಯುವ ಅಭ್ಯಾಸ ಆಕೆಗೆ. ಅದನ್ನು ಬಿಡಿಸಲು ಸೋದರಮಾವ ಒಂದು ಉಪಾಯ ಮಾಡಿದರು. ಒಲೆಯ ಹಿಂದೆ 'ಮೂಮಿನ್‌ಟ್ರೋಲ್' ಎಂಬುದೊಂದು ವಾಸವಾಗಿದೆ, ಅದು ಹಿಂದಿನಿಂದ ಬಂದು ಕತ್ತಿನ ಮೇಲೆ ತಣ್ಣಗೆ ಉಸಿರು ಬಿಡುತ್ತದೆ ಎಂದು ಹೇಳಿದರು. ಟ್ರೋಲ್ ಎಂದರೆ ಆ ಉತ್ತರದೇಶಗಳ ಜನಪದ ಕಥೆಗಳಲ್ಲಿ ಕಾಡುಮೇಡುಗಳಲ್ಲಿರುವ ಒಂದು ಬಗೆಯ ಭೂತ. ನಮ್ಮ ಮನೆಗಳ ಗುಮ್ಮನ ದಾಯಾದಿ ಎನ್ನಿ. ಇನ್ನೊಮ್ಮೆ, ಸಮುದ್ರತೀರದ ಬೇಸಿಗೆಯ ಮನೆಯಲ್ಲಿ ತಮ್ಮನೊಡನೆ ತತ್ತ್ವಜ್ಞಾನಿ ಇಮ್ಮಾನುಯೆಲ್ ಕಾಂಟನ ಬಗ್ಗೆ ವಾದ ನಡೆಯಿತಂತೆ. ಸೋತ ಸಿಟ್ಟಿಗೆ ಆಕೆ ಹೊರಗಿನ ಕಕ್ಕಸಿನ ಗೋಡೆಯ ಮೇಲೆ ತನಗೆ ಸಾಧ್ಯವಾದಷ್ಟು ವಿಕಾರವಾದ ಒಂದು ಪ್ರಾಣಿಯ ಚಿತ್ರ ಬರೆದಳು. ಉದ್ದನೆಯ ಮೂತಿಯ, ಸಿಡುಕು ಮೋರೆಯ ಆ ಪ್ರಾಣಿಯೇ ಮುಂದೆ ದುಂಡಗಾಗಿ ಮೃದುವಾಗಿ ಜಗತ್ತಿನ ಮಕ್ಕಳ ಹಾಸಿಗೆಯವರೆಗೂ ಬಂದಿತು. ಹುಟ್ಟಿದ್ದು ಮಾತ್ರ ಭಯದಿಂದ ಮತ್ತು ಕೋಪದಿಂದ.

ಆಕೆ ಆಗಬೇಕೆಂದಿದ್ದದ್ದು ವರ್ಣಚಿತ್ರಕಾರ್ತಿ. ಸ್ಟಾಕ್‌ಹೋಮ್, ಹೆಲ್ಸಿಂಕಿ ಮತ್ತು 1938ರಲ್ಲಿ ಪ್ಯಾರಿಸ್ ಎಂದು ಮೂರು ಕಡೆ ಕಲೆಯನ್ನು ಅಭ್ಯಾಸ ಮಾಡಿದಳು. ಅನ್ನಕ್ಕಾಗಿ 'ಗಾರ್ಮ್' ಎಂಬ ಸ್ವೀಡಿಷ್ ವಿಡಂಬನ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದಳು. 1929ರಲ್ಲಿ, ಹದಿನೈದರ ವಯಸ್ಸಿನಲ್ಲಿ ಆರಂಭಿಸಿ 1953ರಲ್ಲಿ ಪತ್ರಿಕೆ ನಿಲ್ಲುವವರೆಗೂ ಬರೆದಳು. ನೂರರಷ್ಟು ಮುಖಪುಟಗಳು ಆಕೆಯವು. 1938ರ ಅಕ್ಟೋಬರಿನ ಒಂದು ಮುಖಪುಟವನ್ನು ನಾನು ನೋಡಿದೆ. ಮ್ಯೂನಿಕ್ ಒಪ್ಪಂದದಲ್ಲಿ ಚೆಕೊಸ್ಲೊವಾಕಿಯದ ಭಾಗವನ್ನು ಜರ್ಮನಿಗೆ ಬಿಟ್ಟುಕೊಟ್ಟ ಸಮಯ ಅದು. ಚಿತ್ರದಲ್ಲಿ ಹಿಟ್ಲರ್ ಇನ್ನೂ ಕೇಕು ಬೇಕೆಂದು ಬಾಯಿ ತೆರೆದು ಅರಚುವ ಹಟಮಾರಿ ಕೂಸು. ಸುತ್ತ ನಿಂತ ಯೂರೋಪಿನ ದೊಡ್ಡಮನುಷ್ಯರು ಒಬ್ಬರ ಮೇಲೊಬ್ಬರು ತುಂಡು ತುಂಡು ತಂದು ಕೊಡುತ್ತಿದ್ದಾರೆ. ಬರೆದ ಹುಡುಗಿಗೆ ಇಪ್ಪತ್ತನಾಲ್ಕು ವರ್ಷ. ಮನೆಯಲ್ಲಿ ತಂದೆಯೋ ರಷ್ಯದ ದ್ವೇಷದಿಂದ ಜರ್ಮನಿಯ ಕಡೆ ಒಲಿದವರು. ಊಟದ ಮೇಜಿನಲ್ಲಿ ಆ ದಿನಗಳು ಹೇಗೆ ಕಳೆದಿರಬಹುದೆಂದು ಯೋಚಿಸಿ. ತಾಯಿ ನಡುವೆ ಸಿಕ್ಕಿ ಸುಮ್ಮನಿದ್ದರು. ಈ 'ಗಾರ್ಮ್' ಚಿತ್ರಗಳ ಮೂಲೆಯಲ್ಲಿ ಸಹಿಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಸಿಡುಕಿನಿಂದ ನೋಡುತ್ತಿದ್ದ ಸಣ್ಣ ಪ್ರಾಣಿಯೇ ನಮ್ಮ ಮೂಮಿನ್.

1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ದಂಡೆತ್ತಿ ಬಂದಿತು. 'ಚಳಿಗಾಲದ ಯುದ್ಧ'ವೆಂದು ಅದಕ್ಕೆ ಹೆಸರು. 1940ರ ಮಾರ್ಚಿನವರೆಗೆ ನಡೆಯಿತು. ನಲವತ್ತು ಲಕ್ಷದಷ್ಟೂ ಜನರಿಲ್ಲದ ಆ ದೇಶ 25,000ದಷ್ಟು ಮಂದಿಯನ್ನು ಆ ಮೂರೂವರೆ ತಿಂಗಳಲ್ಲಿ ಕಳೆದುಕೊಂಡಿತು. ಕರೇಲಿಯ ಪ್ರಾಂತದ ನಾಲ್ಕು ಲಕ್ಷಕ್ಕೂ ಅಧಿಕ ಜನ ಮನೆಮಾರು ಬಿಟ್ಟು ಹೊರಟರು. 1941ರಿಂದ 1944ರವರೆಗೆ ಎರಡನೆಯ ಯುದ್ಧ, ಈ ಬಾರಿ ಜರ್ಮನಿಯ ಜೊತೆ ಸೇರಿ. ತಮ್ಮ ಪೇರ್ ಊಲೋವ್ ರಣರಂಗದಲ್ಲಿದ್ದ. ಅತ್ಯಂತ ಆಪ್ತ ಗೆಳತಿ, ಯಹೂದಿ ಮನೆತನದ ಛಾಯಾಗ್ರಾಹಕಿ ಏವಾ ಕೋನಿಕೋಫ್, 1941ರಲ್ಲಿ ಅಮೆರಿಕಕ್ಕೆ ಹೊರಟುಹೋದಳು. ಆಕೆಗೆ ತೂವೆ ಬರೆದ ಪತ್ರಗಳು ಈಗ ಪ್ರಕಟವಾಗಿವೆ. ಮುಂದಿನ ಯುದ್ಧದಲ್ಲಿ ಸಾಯಲೆಂದು ಮಕ್ಕಳನ್ನು ಹೆರಲಾರೆ ಎಂಬ ನಿಶ್ಚಯ ಆ ವರ್ಷಗಳದು. ಕೊನೆಯವರೆಗೂ ಆಕೆ ಮಕ್ಕಳಿಲ್ಲದೆಯೇ ಉಳಿದಳು.

ಆ ಮೊದಲ ಯುದ್ಧದ ಚಳಿಗಾಲದಲ್ಲಿ ತೂವೆಗೆ ಕುಂಚ ಹಿಡಿಯಲು ಮನಸ್ಸಾಗಲಿಲ್ಲ. ಬಣ್ಣಗಳೇ ಸತ್ತುಹೋದಂತೆ, ಚಿತ್ರ ಬರೆಯುವುದೇ ಅರ್ಥಹೀನವೆಂಬಂತೆ ತೋರಿತು. ಆಗ, 'ಒಂದಾನೊಂದು ಕಾಲದಲ್ಲಿ' ಎಂದು ಶುರುವಾಗುವ ಏನನ್ನಾದರೂ ಬರೆಯೋಣವೆಂದುಕೊಂಡಳು. ರಾಜಕುಮಾರ ರಾಜಕುಮಾರಿಯರು ಬೇಡವೆನಿಸಿತು. ವ್ಯಂಗ್ಯಚಿತ್ರದ ಮೂಲೆಯಲ್ಲಿದ್ದ ಆ ಸಿಡುಕಿನ ಪ್ರಾಣಿಯನ್ನು ಕರೆತಂದಳು. ಬರೆದದ್ದು ಅರ್ಧಕ್ಕೆ ನಿಂತು ಮೂಲೆಗೆ ಸೇರಿತು. ಯುದ್ಧ ಮುಗಿದ ಮೇಲೆ ಗೆಳೆಯನೊಬ್ಬನ ಒತ್ತಾಯದಿಂದ ಪೂರ್ತಿಯಾಗಿ 1945ರಲ್ಲಿ ತೆಳುವಾದ ಪುಸ್ತಕವಾಗಿ ಹೊರಬಂದಿತು. ಹೆಚ್ಚಿನವರ ಗಮನಕ್ಕೆ ಬರಲೂ ಇಲ್ಲ.

ಕಥೆ ಇಷ್ಟೇ. ಮೂಮಿನ್ ಅಮ್ಮ ಮತ್ತು ಮಗ ಕತ್ತಲ ಕಾಡಿನಲ್ಲಿ ನಡೆಯುತ್ತಿದ್ದಾರೆ. ಚಳಿಗಾಲ ಬರುವ ಮುಂಚೆ ಇರಲು ಒಂದು ಬೆಚ್ಚಗಿನ ಜಾಗ ಬೇಕು. ಅಪ್ಪ ಎಲ್ಲಿಯೋ ಹೋದವನು ಕಾಣೆಯಾಗಿದ್ದಾನೆ. ಮಹಾಪ್ರವಾಹ ಬರುತ್ತದೆ. ಕೊನೆಗೆ ಅಪ್ಪ ಸಿಗುತ್ತಾನೆ. ಅವನು ಕಟ್ಟಿದ ಮನೆ ನೀರಿನಲ್ಲಿ ತೇಲಿಬಂದು ಒಂದು ಸುಂದರ ಕಣಿವೆಯಲ್ಲಿ ತಾನಾಗಿ ನೆಲೆ ನಿಂತಿದೆ. 1945ರ ಯೂರೋಪಿನಲ್ಲಿ ಅಪ್ಪನಿಗಾಗಿ ಕಾಯುತ್ತಿದ್ದ, ಮನೆಯನ್ನು ಹುಡುಕುತ್ತಿದ್ದ ತಾಯಿಮಕ್ಕಳು ಎಷ್ಟೋ ಲಕ್ಷ. ಇತಿಹಾಸದ ಪಾಠದಲ್ಲಿ ನಿಮಗೆ ನಾನು ಬರೆಸಿದ್ದ 'ಎರಡನೆಯ ಮಹಾಯುದ್ಧದ ಪರಿಣಾಮಗಳು' ಎಂಬ ಟಿಪ್ಪಣಿಯಲ್ಲಿ ಆ ತಾಯಿಮಕ್ಕಳು ಬಂದಿರಲಿಲ್ಲ. ಮನೆಯ ಆಕಾರವನ್ನು ಗಮನಿಸಿ: ಎತ್ತರಕ್ಕೆ ದುಂಡಗೆ, ಆ ದೇಶದ ಹಳೆಯ ಹೆಂಚಿನ ಒಲೆಯ ಹಾಗೆ. ಟ್ರೋಲುಗಳು ಹಿಂದೆ ಒಲೆಯ ಮರೆಯಲ್ಲಿ ಇರುತ್ತಿದ್ದವಲ್ಲವೇ, ಆದ್ದರಿಂದ.

1946ರ ಎರಡನೆಯ ಪುಸ್ತಕದಲ್ಲಿ ಧೂಮಕೇತು ಭೂಮಿಯ ಕಡೆಗೆ ಬರುತ್ತದೆ. ಆಕಾಶ ಕೆಂಪಾಗುತ್ತದೆ, ಸಮುದ್ರ ಬತ್ತಿಹೋಗುತ್ತದೆ, ಬತ್ತಿದ ತಳದ ಮೇಲೆ ಮಕ್ಕಳು ಮರಗಾಲು ಕಟ್ಟಿಕೊಂಡು ದಾಟುತ್ತಾರೆ. ಗಂಟುಮೂಟೆ ಹೊತ್ತ ಜನ ದಾರಿಯುದ್ದಕ್ಕೂ ಓಡುತ್ತಿದ್ದಾರೆ. ಹಿರೋಶಿಮಾದ ಮಾರನೆಯ ವರ್ಷ ಇದನ್ನು ಓದಿದವರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ.

ಹೆಸರು ತಂದುಕೊಟ್ಟದ್ದು 1948ರಲ್ಲಿ ಬಂದ ಮೂರನೆಯ ಪುಸ್ತಕ. ಮಾಂತ್ರಿಕನ ಟೋಪಿಯೊಂದು ಕಣಿವೆಗೆ ಬಂದು ಮಾಡುವ ಅನಾಹುತಗಳ ಕಥೆ. ಈ ಪುಸ್ತಕದಲ್ಲಿ ತಮ್ಮದೇ ವಿಚಿತ್ರ ಭಾಷೆಯಲ್ಲಿ ಮಾತನಾಡುವ ಇಬ್ಬರು ಪುಟ್ಟವರು ಬರುತ್ತಾರೆ. ಯಾವಾಗಲೂ ಕೈಕೈ ಹಿಡಿದುಕೊಂಡು, ಒಂದು ಪೆಟ್ಟಿಗೆಯನ್ನು ಹೊತ್ತು ತಿರುಗುತ್ತಾರೆ. ಪೆಟ್ಟಿಗೆಯಲ್ಲಿ ಏನಿದೆಯೆಂದು ಯಾರಿಗೂ ತೋರಿಸುವುದಿಲ್ಲ. ಗ್ರೋಕ್ ಎಂಬ ಹಿಮದಂತೆ ತಣ್ಣಗಿನ ಭಯಾನಕ ಆಕೃತಿ ಆ ಪೆಟ್ಟಿಗೆಗಾಗಿ ಅವರ ಬೆನ್ನು ಹತ್ತಿದೆ. ಒಳಗಿರುವುದು ಹೃದಯದಂತೆ ಬಡಿಯುವ ಬೆಳಕುಳ್ಳ ಒಂದು ದೊಡ್ಡ ಮಾಣಿಕ್ಯ. ಸ್ವೀಡಿಷ್ ಮೂಲದಲ್ಲಿ ಇವರ ಹೆಸರುಗಳು ತೂವೆ ಮತ್ತು ವಿವಿಕಾ ಎಂಬ ಹೆಸರುಗಳಿಂದ ಹುಟ್ಟಿದವು. ವಿವಿಕಾ ಬ್ಯಾಂಡ್ಲರ್ ರಂಗಭೂಮಿಯ ನಿರ್ದೇಶಕಿ. ಆಕೆಯನ್ನು ತೂವೆ ಪ್ರೀತಿಸಿದ್ದಳು. ಇಬ್ಬರು ಹೆಂಗಸರ ನಡುವಿನ ಅಂಥ ಪ್ರೀತಿ ಫಿನ್ಲೆಂಡಿನ ಕಾನೂನಿನಲ್ಲಿ 1971ರವರೆಗೂ ಅಪರಾಧವಾಗಿತ್ತು, 1981ರವರೆಗೂ ರೋಗಗಳ ಪಟ್ಟಿಯಲ್ಲಿತ್ತು. ನನ್ನ ತಲೆಮಾರಿನ ಕೆಲವು ಬಂಧುಗಳು ಇದನ್ನು ಓದಿ ಹುಬ್ಬು ಗಂಟಿಕ್ಕುವರೆಂದು ಬಲ್ಲೆ. ಪೆಟ್ಟಿಗೆಯನ್ನು ಮುಚ್ಚಿಟ್ಟುಕೊಂಡು ಬದುಕಬೇಕಾದವರ ದಿಗಿಲು ಏನೆಂದು ತಿಳಿಯದೆ ಆ ಕಥೆಯನ್ನು ಓದಿದರೆ ಅದರ ಅರ್ಧ ನಮ್ಮ ಕೈಗೆ ಸಿಗದು. ಅದಕ್ಕಾಗಿ ಹೇಳಬೇಕಾಯಿತು. ಕೌತುಕದ ಸಂಗತಿಯೆಂದರೆ, 1947ರಲ್ಲಿ ಹೆಲ್ಸಿಂಕಿಯ ಪುರಭವನದ ಭೋಜನಶಾಲೆಗಾಗಿ ತೂವೆ ಎರಡು ದೊಡ್ಡ ಭಿತ್ತಿಚಿತ್ರಗಳನ್ನು ಬರೆದಳು. ನಗರದ ಉತ್ಸವದ ಚಿತ್ರದಲ್ಲಿ ನಡುವೆ ನರ್ತಿಸುತ್ತಿರುವವಳು ವಿವಿಕಾ. ಮುಂದಿನ ಮೇಜಿನ ಬಳಿ ಬೆನ್ನು ತಿರುಗಿಸಿ ಕುಳಿತವಳು ಸ್ವತಃ ತೂವೆ, ಪಕ್ಕದಲ್ಲಿ ಹೆಬ್ಬೆಟ್ಟಿನಷ್ಟು ಮೂಮಿನ್. ಊರಿನ ಹಿರಿಯರೆಲ್ಲ ಅದರ ಕೆಳಗೆ ಕುಳಿತೇ ಊಟ ಮಾಡಿದರು. ಆ ಚಿತ್ರಗಳು ಈಗ ಹೆಲ್ಸಿಂಕಿಯ ಕಲಾಸಂಗ್ರಹಾಲಯದಲ್ಲಿವೆ.

1954ರ ಸೆಪ್ಟೆಂಬರ್ 20ರಿಂದ ಲಂಡನ್ನಿನ 'ಈವ್ನಿಂಗ್ ನ್ಯೂಸ್' ಪತ್ರಿಕೆಯಲ್ಲಿ ಮೂಮಿನ್ ಚಿತ್ರಪಟ್ಟಿ ಬರತೊಡಗಿತು. ಏಳು ವರ್ಷಗಳ ಕರಾರು, ವಾರಕ್ಕೆ ಆರು ದಿನ. ಅದರಿಂದ ಜೀವನದಲ್ಲಿ ಮೊದಲ ಬಾರಿಗೆ ಹಣದ ಚಿಂತೆ ತಪ್ಪಿತು. ಚಿತ್ರಪಟ್ಟಿ ಹಬ್ಬುತ್ತ ಹೋಗಿ ನಲವತ್ತು ದೇಶಗಳಲ್ಲಿ ಸುಮಾರು 120 ಪತ್ರಿಕೆಗಳಲ್ಲಿ ಅಚ್ಚಾಯಿತೆನ್ನುತ್ತಾರೆ. ಹಣ ಬಂತು, ಕೀರ್ತಿ ಬಂತು, ಬಣ್ಣದ ಕುಂಚ ಹಿಡಿಯಲು ಹೊತ್ತು ಮಾತ್ರ ಉಳಿಯಲಿಲ್ಲ. ಮೂಮಿನ್‌ಗಳನ್ನು ಕಂಡರೆ ಆಕೆಗೇ ಜಿಗುಪ್ಸೆ ಬರುವಷ್ಟಾಯಿತು. 1959ರ ಕೊನೆಗೆ ಕೈಮುಗಿದು ಬಿಟ್ಟಳು. ಕಿರಿಯ ತಮ್ಮ ಲಾರ್ಸ್ ಅದನ್ನು ಕೈಗೆತ್ತಿಕೊಂಡು 1975ರವರೆಗೆ ನಡೆಸಿದ.

ಈ ದಣಿವಿನ ನಡುವೆ, 1955ರ ಕ್ರಿಸ್ಮಸ್ ಕಾಲದ ಒಂದು ಔತಣಕೂಟದಲ್ಲಿ ಆಕೆಗೆ ಟೂಲಿಕ್ಕಿ ಪಿಯೆಟಿಲಾ ಹತ್ತಿರವಾದಳು. ಮುದ್ರಣಚಿತ್ರ ಕಲಾವಿದೆ, ಮಿತಭಾಷಿ, ಕೈಯಲ್ಲಿ ಯಾವ ಉಪಕರಣ ಕೊಟ್ಟರೂ ದುಡಿಸಿಕೊಳ್ಳಬಲ್ಲ ಗಟ್ಟಿ ಹೆಂಗಸು. ಮುಂದಿನ ನಲವತ್ತೈದು ವರ್ಷ, ತೂವೆಯ ಮರಣದವರೆಗೂ ಇಬ್ಬರೂ ಜೊತೆಯಾಗಿ ಬಾಳಿದರು. ಒಂದೇ ಕಟ್ಟಡದ ಸಮುಚ್ಚಯದಲ್ಲಿ ಇಬ್ಬರಿಗೂ ಬೇರೆಬೇರೆ ಕಲಾಶಾಲೆ, ನಡುವೆ ಅಟ್ಟದ ಮೇಲಿನ ಓಣಿಯಲ್ಲಿ ಓಡಾಟ. 1957ರ 'ಮೂಮಿನ್‌ಲ್ಯಾಂಡ್ ಮಿಡ್‌ವಿಂಟರ್' ಎಂಬ ಪುಸ್ತಕ ಈ ಸ್ನೇಹದ ಫಲ. ಮೂಮಿನ್‌ಗಳು ಚಳಿಗಾಲವಿಡೀ ನಿದ್ದೆ ಮಾಡುವ ಪ್ರಾಣಿಗಳು. ಒಂದು ವರ್ಷ ಮಗ ಮಾತ್ರ ನಡುವಿನಲ್ಲಿ ಎಚ್ಚರಗೊಳ್ಳುತ್ತಾನೆ. ಅಮ್ಮನನ್ನು ಅಲುಗಿಸಿದರೆ ಏಳುವುದಿಲ್ಲ. ಹೊರಗೆ ಸೂರ್ಯನಿಲ್ಲ, ತಾನೆಂದೂ ನೋಡದ ಹಿಮ. ಅಲ್ಲಿ ಟೂ-ಟಿಕಿ ಎಂಬವಳು ಹಿಮದಲ್ಲಿ ಕುಳಿತು ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿದ್ದಾಳೆ. ಅವಳು ಮುದ್ದಿಸುವುದಿಲ್ಲ, ಸಂತೈಸುವುದಿಲ್ಲ. ಚಳಿಗಾಲವೂ ಒಂದು ಕಾಲವೇ, ಅದರ ಜೀವಿಗಳೇ ಬೇರೆ, ನೀನೇ ನೋಡಿ ಕಲಿಯಬೇಕು ಎಂಬಂತೆ ಪಕ್ಕದಲ್ಲಿ ಇರುತ್ತಾಳೆ. ಆಕೆಯೇ ಟೂಲಿಕ್ಕಿ. ಮಳೆಯ ಸಂಜೆ ನಿನ್ನಿಯನ್ನು ಕೈಹಿಡಿದು ಕರೆತಂದವಳೂ ಇದೇ ಟೂ-ಟಿಕಿ.

ಈಗ ಆ ಕಥೆಗೆ ಬರುತ್ತೇನೆ. 1962ರಲ್ಲಿ ಪ್ರಕಟವಾದ ಒಂಬತ್ತು ಕಥೆಗಳ ಸಂಗ್ರಹದಲ್ಲಿ ಅದು ಇದೆ. ಸಂಗ್ರಹಕ್ಕೂ ಅದರದೇ ಹೆಸರು. ಕಾಣದ ಮಗು ಮನೆಗೆ ಬಂದಾಗ ವೈದ್ಯರನ್ನು ಕರೆಸಬೇಕೇ ಎಂಬ ಮಾತು ಬರುತ್ತದೆ. ಮೂಮಿನ್ ಅಮ್ಮ ಬೇಡವೆನ್ನುತ್ತಾಳೆ. ಸ್ವಲ್ಪ ದಿನ ಕಾಣದಂತಿರುವುದೇ ಆ ಮಗುವಿಗೆ ಇಷ್ಟವಿರಬಹುದು ಎಂದು ಆಕೆಯ ಎಣಿಕೆ. ತನ್ನ ಅಜ್ಜಿ ಬರೆದಿಟ್ಟ ಮನೆಮದ್ದಿನ ಪುಸ್ತಕ ತೆಗೆದು ನೋಡಿ ಏನೋ ಕಷಾಯ ಕಾಯಿಸಿ ಕೊಡುತ್ತಾಳೆ. ಬೆಳಗ್ಗೆ ಮೆಟ್ಟಿಲಿಳಿದು ಬರುವಾಗ ಎರಡು ಪುಟ್ಟ ಪಾದಗಳು ಕಾಣುತ್ತವೆ. ಅಮ್ಮ ತನ್ನ ಗುಲಾಬಿ ಬಣ್ಣದ ಶಾಲನ್ನು ಕತ್ತರಿಸಿ ಅಂಗಿ ಹೊಲಿಯುತ್ತಾಳೆ. ಮಗುವಿನ ಕೈತಪ್ಪಿ ಭರಣಿ ಒಡೆದಾಗ ಗದರಿಸುವುದಿಲ್ಲ. ದಿನೇದಿನೇ ಮಗು ಮೇಲಕ್ಕೆ ಕಾಣುತ್ತ ಬರುತ್ತದೆ, ಕುತ್ತಿಗೆಯವರೆಗೆ. ಮುಖ ಮಾತ್ರ ಬರುವುದಿಲ್ಲ. ಆಟಕ್ಕೆ ಕರೆದರೆ ಬರುತ್ತಾಳೆ, ವಿನಯದಿಂದ ಆಡುತ್ತಾಳೆ, ಬೇಸರವಾಗದಿರಲೆಂದು ಆಡಿದಂತೆ. ನಗುವುದು ಗೊತ್ತಿಲ್ಲ, ಕೋಪಿಸಿಕೊಳ್ಳುವುದಂತೂ ಗೊತ್ತೇ ಇಲ್ಲ. ಲಿಟಲ್ ಮೈ ಎಂಬ ತುಂಟಿ, ಜಗಳವಾಡುವುದನ್ನು ಕಲಿಯುವವರೆಗೆ ನಿನಗೆ ಮುಖ ಬರುವುದಿಲ್ಲ ಎಂದು ಹೇಳಿಬಿಡುತ್ತಾಳೆ. ಕೊನೆಗೊಂದು ದಿನ ಸಮುದ್ರತೀರದಲ್ಲಿ ಅಪ್ಪ ತಮಾಷೆಗಾಗಿ ಅಮ್ಮನನ್ನು ನೀರಿಗೆ ತಳ್ಳುವಂತೆ ಹಿಂದಿನಿಂದ ಹೋಗುತ್ತಾನೆ. ನಿನ್ನಿಗೆ ಅದು ತಮಾಷೆಯೆಂದು ತಿಳಿಯದು. ಹಾರಿಬಂದು ಅಪ್ಪನ ಬಾಲವನ್ನು ಕಚ್ಚುತ್ತಾಳೆ. ಆ ಕ್ಷಣದಲ್ಲಿ ಕೆದರಿದ ಕೆಂಗೂದಲಿನ ಕೆಳಗೆ ಕೋಪದಿಂದ ಕೆಂಡವಾದ ಒಂದು ಪುಟ್ಟ ಮುಖ ಎಲ್ಲರಿಗೂ ಕಾಣುತ್ತದೆ.

ನಾನು ತರಗತಿಯಲ್ಲಿ ಬೆತ್ತ ಹಿಡಿದವನಲ್ಲ. ಇದನ್ನು ನಿಮ್ಮಲ್ಲಿ ಹಲವರು ಈಗಲೂ ಹೊಗಳಿ ಹೇಳುತ್ತೀರಿ. ನನಗೂ ಆ ಬಗ್ಗೆ ಹೆಮ್ಮೆಯಿತ್ತು. ಬೆತ್ತದ ಬದಲು ನಾಲಗೆಯಿತ್ತು ಎಂಬುದನ್ನು ನೀವು ಹೇಳುವುದಿಲ್ಲ, ಸೌಜನ್ಯದಿಂದ. ನನ್ನ ಕೆಲಸದ ಆರಂಭದ ವರ್ಷಗಳಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪ್ರಶ್ನೆ ಕೇಳಿದರೆ ಎದ್ದು ನಿಂತು ತಡವರಿಸುವನು. ನಾನು ಒಂದು ಮಾತು ಆಡುತ್ತಿದ್ದೆ. ತರಗತಿ ಗೊಳ್ಳೆಂದು ನಗುತ್ತಿತ್ತು. ಅವನೂ ನಗುತ್ತಿದ್ದ. ಅವನೂ ನಗುತ್ತಾನಲ್ಲ ಎಂಬುದೇ ನನ್ನ ಸಮಾಧಾನ. ದಿನಕ್ಕೊಂದು ಹೊಸ ಮಾತು ಹೊಳೆಯುತ್ತಿತ್ತು. ಭಾಷೆಯ ಮೇಷ್ಟ್ರಲ್ಲದಿದ್ದರೂ ಭಾಷೆಗೆ ಬಡತನವಿರಲಿಲ್ಲ. ಅವನು ಎರಡನೆಯ ಬೆಂಚಿನಿಂದ ನಾಲ್ಕನೆಯದಕ್ಕೆ ಹೋದ, ಆಮೇಲೆ ಗೋಡೆಯ ಪಕ್ಕದ ಕೊನೆಯ ಬೆಂಚಿಗೆ. ಹಾಜರಿ ಕರೆದಾಗ ಅವನ ದನಿ ಕೇಳಿಸದೆ ಪಕ್ಕದವನೇ "ಬಂದಿದ್ದಾನೆ ಸಾರ್" ಎನ್ನುತ್ತಿದ್ದ. ಮುಂದಿನ ವರ್ಷ ಅವನು ಶಾಲೆಯಲ್ಲಿರಲಿಲ್ಲ. ಬಿಟ್ಟನೋ, ಬೇರೆ ಊರಿಗೆ ಹೋದನೋ, ನಾನು ವಿಚಾರಿಸಲಿಲ್ಲ. ಅವನ ಹೆಸರು ನೆನಪಿದೆ. ಮುಖವನ್ನು ನೆನೆಯಲು ಆ ರಾತ್ರಿ ಬಹಳ ಪ್ರಯತ್ನಿಸಿದೆ, ಬರಲಿಲ್ಲ.

ತೂವೆಗೆ ಮಕ್ಕಳಿಂದ ಬರುತ್ತಿದ್ದ ಕಾಗದಗಳು ವರ್ಷಕ್ಕೆ ಎರಡು ಸಾವಿರದಷ್ಟು. ಅವಕ್ಕೆಲ್ಲ ಕೈಬರಹದಲ್ಲಿಯೇ ಉತ್ತರಿಸುತ್ತಿದ್ದಳು. ನಿನ್ನಿಯಂಥ ಮಕ್ಕಳೇ ಅವರಲ್ಲಿ ಹಲವರಿದ್ದಿರಬೇಕೆಂದು ನನ್ನ ಊಹೆ. 1966ರಲ್ಲಿ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂದಿತು.

ಅದರ ಹಿಂದಿನ ವರ್ಷ ಬಂದ ಪುಸ್ತಕ ನನಗೆ ಎಲ್ಲಕ್ಕಿಂತ ಹಿಡಿಸಿತು. ಮೂಮಿನ್ ಅಪ್ಪನಿಗೆ ಕಣಿವೆಯಲ್ಲಿ ಇನ್ನು ಮಾಡಲು ಏನೂ ಉಳಿದಿಲ್ಲವೆಂಬ ಕೊರಗು ಹತ್ತಿ, ಸಂಸಾರವನ್ನೆಲ್ಲ ಹೊರಡಿಸಿಕೊಂಡು ಸಮುದ್ರದ ನಡುವಿನ ಬರಡು ದ್ವೀಪದ ದೀಪಸ್ತಂಭಕ್ಕೆ ಹೋಗುತ್ತಾನೆ. ನಿವೃತ್ತರಾದ ಗಂಡಸರು ತಪ್ಪದೆ ಓದಬೇಕಾದದ್ದು. ತೂವೆಯ ತಂದೆ 1958ರಲ್ಲಿ ತೀರಿಕೊಂಡಿದ್ದರು. ಬಿರುಗಾಳಿ ಎದ್ದರೆ, ಎಲ್ಲಿಯಾದರೂ ಬೆಂಕಿ ಬಿದ್ದರೆ ಮಾತ್ರ ಉಲ್ಲಾಸಗೊಳ್ಳುತ್ತಿದ್ದ ಆ ತಂದೆಯ ನೆರಳು ಇಲ್ಲಿದೆ. ದ್ವೀಪಕ್ಕೂ ಗ್ರೋಕ್ ಬೆನ್ನು ಹತ್ತಿ ಬರುತ್ತದೆ. ಅದು ಕುಳಿತ ನೆಲ ಹೆಪ್ಪುಗಟ್ಟುತ್ತದೆ, ಹುಲ್ಲು ಸಾಯುತ್ತದೆ. ಮೂಮಿನ್ ಮಗ ರಾತ್ರಿಹೊತ್ತು ಲಾಟೀನು ಹಿಡಿದು ದಡಕ್ಕೆ ಹೋಗುತ್ತಾನೆ, ಅದಕ್ಕೆ ಬೆಳಕು ನೋಡುವ ಆಸೆಯೆಂದು. ಹಲವು ರಾತ್ರಿಗಳು ಹೀಗೆ ಕಳೆದು ಒಂದು ದಿನ ಸೀಮೆಎಣ್ಣೆ ಮುಗಿದುಹೋಗುತ್ತದೆ. ಬರಿಗೈಯಲ್ಲಿ ಹೋದವನನ್ನು ನೋಡಿ ಗ್ರೋಕ್ ಕುಣಿಯತೊಡಗುತ್ತದೆ. ಅದು ಬಂದದ್ದು ದೀಪಕ್ಕಲ್ಲ, ಅವನಿಗೆ. ಅದು ಹೋದ ಮೇಲೆ ಮರಳನ್ನು ಮುಟ್ಟಿ ನೋಡಿದರೆ ಹೆಪ್ಪುಗಟ್ಟಿರುವುದಿಲ್ಲ. 1948ರಲ್ಲಿ ಮಾಣಿಕ್ಯದ ಪೆಟ್ಟಿಗೆಯನ್ನು ಬೆನ್ನಟ್ಟಿದ ಭಯಕ್ಕೂ ಈ ಭೇಟಿಗೂ ನಡುವೆ ಹದಿನೇಳು ವರ್ಷಗಳು ಕಳೆದಿದ್ದವು.

ತಾಯಿ 1970ರಲ್ಲಿ ತೀರಿಕೊಂಡರು. ಅದೇ ವರ್ಷ ಕೊನೆಯ ಮೂಮಿನ್ ಕಾದಂಬರಿ ಹೊರಬಂತು. ಅದರಲ್ಲಿ ಮೂಮಿನ್‌ಗಳೇ ಇಲ್ಲ. ನವೆಂಬರಿನ ಮಂಜಿನಲ್ಲಿ ಯಾರುಯಾರೋ ಅವರನ್ನು ಕಾಣಲು ಬರುತ್ತಾರೆ, ಮನೆ ಖಾಲಿಯಾಗಿದೆ. ಅಮ್ಮನನ್ನು ಮನಸ್ಸಿನಲ್ಲೇ ಕಟ್ಟಿಕೊಂಡ ಒಬ್ಬ ಅನಾಥ ಹುಡುಗ ಕಾಯುತ್ತ ಉಳಿಯುತ್ತಾನೆ. ಕೊನೆಯಲ್ಲಿ ದೂರದ ಸಮುದ್ರದ ಮೇಲೆ ದೋಣಿಯ ದೀಪದ ಚುಕ್ಕಿ ಕಾಣುತ್ತದೆ, ಅಷ್ಟೇ. ಆಕೆ ಅಲ್ಲಿಂದ ಮುಂದೆ ಮೂಮಿನ್ ಕಾದಂಬರಿ ಬರೆಯಲಿಲ್ಲ. ದೊಡ್ಡವರಿಗಾಗಿ ಬರೆದಳು. 1972ರ 'ದ ಸಮ್ಮರ್ ಬುಕ್' ಒಂದು ದ್ವೀಪದಲ್ಲಿ ಬೇಸಿಗೆ ಕಳೆಯುವ ಮುದುಕಿ ಮತ್ತು ಮೊಮ್ಮಗಳ ಕಥೆ. ಮುದುಕಿಯಲ್ಲಿ ತನ್ನ ತಾಯಿ, ಹುಡುಗಿಯಲ್ಲಿ ಲಾರ್ಸನ ಮಗಳು ಸೋಫಿಯಾ. ಆ ಹುಡುಗಿಯ ತಾಯಿ ತೀರಿಹೋಗಿದ್ದಾಳೆಂಬುದು ಒಂದೇ ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ. ಅಜ್ಜಿ ಮೊಮ್ಮಗಳು ಜಗಳವಾಡುತ್ತಾರೆ, ಮರದ ತುಂಡುಗಳನ್ನು ಕೆತ್ತುತ್ತಾರೆ, ದೇವರಿದ್ದಾನೆಯೇ ಎಂದು ವಾದಿಸುತ್ತಾರೆ.

ತೂವೆ ಮತ್ತು ಟೂಲಿಕ್ಕಿಗೂ ಒಂದು ದ್ವೀಪವಿತ್ತು. ಪೆಲ್ಲಿಂಕಿ ದ್ವೀಪಸಮೂಹದ ಕೊನೆಯಲ್ಲಿ, ಕ್ಲೋವ್‌ಹಾರು ಎಂಬ ಬಂಡೆ. ಅದರ ಮೇಲೆ 1964-65ರಲ್ಲಿ ಒಂದೇ ಕೋಣೆಯ ಮನೆ ಕಟ್ಟಿಸಿದರು. ನಾಲ್ಕು ದಿಕ್ಕಿಗೂ ಕಿಟಕಿ, ವಿದ್ಯುತ್ತಿಲ್ಲ, ನಲ್ಲಿಯಿಲ್ಲ. ಸುಮಾರು ಕಾಲು ಶತಮಾನ ಬೇಸಿಗೆಗಳನ್ನು ಅಲ್ಲಿ ಕಳೆದರು, ಹಲವು ರಾತ್ರಿ ಮನೆಯನ್ನು ಅತಿಥಿಗಳಿಗೆ ಬಿಟ್ಟು ತಾವು ಗುಡಾರದಲ್ಲಿ ಮಲಗಿದರು. ವಯಸ್ಸಾಗಿ ಬಲೆ ಎಳೆಯುವುದು ಕಷ್ಟವಾಯಿತು. ಜೀವನವಿಡೀ ಪ್ರೀತಿಸಿದ ಸಮುದ್ರವನ್ನು ಕಂಡು ಒಂದು ಬೇಸಿಗೆ ತನಗೆ ಭಯವಾಯಿತೆಂದು ತೂವೆ ಬರೆದುಕೊಂಡಿದ್ದಾಳೆ. ಹಾಗೆ 1990ರ ದಶಕದ ಆರಂಭದಲ್ಲಿ ದ್ವೀಪವನ್ನು ಬಿಟ್ಟು ಬಂದರು. ಫಿನ್ಲೆಂಡಿನ ರಾಷ್ಟ್ರಾಧ್ಯಕ್ಷರು ಸ್ವಾತಂತ್ರ್ಯ ದಿನದಂದು ಕೊಡುವ ಔತಣಕ್ಕೆ ಇಬ್ಬರೂ ದಂಪತಿಗಳಂತೆ ಒಟ್ಟಾಗಿ ಹೋದದ್ದು 1992ರಲ್ಲಿ. ತೂವೆ 2001ರ ಜೂನ್ 27ರಂದು ಹೆಲ್ಸಿಂಕಿಯಲ್ಲಿ ತೀರಿಕೊಂಡಳು. ಟೂಲಿಕ್ಕಿ 2009ರಲ್ಲಿ. ಇಬ್ಬರೂ ಗೆಳೆಯನೊಬ್ಬನೊಡನೆ ಸೇರಿ ಕಟ್ಟಿದ, ಎರಡು ಮೀಟರಿಗೂ ಮಿಗಿಲಾದ ಎತ್ತರದ ಮೂಮಿನ್ ಮನೆ ತಾಂಪೆರೆ ನಗರದ ಮೂಮಿನ್ ಸಂಗ್ರಹಾಲಯದಲ್ಲಿದೆ.

ನಿಮ್ಮಲ್ಲಿ ಈಗ ಬಹುಪಾಲು ಜನರ ಮನೆಯಲ್ಲಿ ಓದುವ ವಯಸ್ಸಿನ ಮಕ್ಕಳಿದ್ದಾರೆ. ಯಾವುದರಿಂದ ಆರಂಭಿಸಬೇಕೆಂದು ಕೇಳುವವರಿಗಾಗಿ: ಮಾಂತ್ರಿಕನ ಟೋಪಿಯ ಕಥೆಯಿಂದ ಶುರುಮಾಡಿ. ಇಂಗ್ಲಿಷಿನಲ್ಲಿ ಅದರ ಹೆಸರು 'ಫಿನ್ ಫ್ಯಾಮಿಲಿ ಮೂಮಿನ್‌ಟ್ರೋಲ್'. ಚಳಿಗಾಲದ ಪುಸ್ತಕ ಆಮೇಲೆ. ಅದರಲ್ಲಿ ಒಂದು ಅಳಿಲು ಚಳಿಗೆ ಸಿಕ್ಕಿ ಸಾಯುತ್ತದೆ, ಮಗು ಅತ್ತರೆ ಪುಸ್ತಕ ಮುಚ್ಚಬೇಡಿ. ನವೆಂಬರಿನ ಪುಸ್ತಕವನ್ನು ಹತ್ತು ಹನ್ನೆರಡರ ವರೆಗೆ ಹಿಂದಿಡಬಹುದು. ಕಾಣದ ಹುಡುಗಿಯ ಕಥೆಗೆ ವಯಸ್ಸಿನ ನಿರ್ಬಂಧವಿಲ್ಲ. ಮೊಮ್ಮಗಳು ಊರಿಗೆ ಹೊರಡುವ ಹಿಂದಿನ ರಾತ್ರಿ ಮತ್ತೆ ಅದನ್ನೇ ಹೇಳಿಸಿಕೊಂಡಳು. ಬಾಲ ಕಚ್ಚುವ ಜಾಗ ಬಂದಾಗ ನನ್ನ ತೋಳನ್ನು ಹಲ್ಲು ಮೂಡುವಷ್ಟು ಕಚ್ಚಿ, ನನ್ನ ಮುಖವನ್ನೇ ನೋಡುತ್ತ ಕುಳಿತಳು.